ಪಲ್ಲಾಡಿಯಂ ಬಿಟ್ಟು ಸುಜುಕಿ ಕ್ರಿಯೆ ನಡೆಯುತ್ತದೆಯೇ?

2022ರ ಮಾರ್ಚ್ ಮೊದಲ ವಾರ ಪಲ್ಲಾಡಿಯಂ ಬೆಲೆ ಔನ್ಸಿಗೆ 3,400 ಡಾಲರ್ ದಾಟಿತು. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಗಿ ಆಗ ಎರಡು ವಾರವೂ ಆಗಿರಲಿಲ್ಲ. ಜಗತ್ತಿನ ಗಣಿಗಳಿಂದ ಬರುವ ಪಲ್ಲಾಡಿಯಂನಲ್ಲಿ ಸುಮಾರು ಶೇ 40ರಷ್ಟು ರಷ್ಯಾದ್ದು, ಹೆಚ್ಚುಕಡಿಮೆ ಅಷ್ಟೇ ದಕ್ಷಿಣ ಆಫ್ರಿಕಾದ್ದು. ಎರಡು ವರ್ಷ ತುಂಬುವ ಹೊತ್ತಿಗೆ ಅದೇ ಲೋಹ ಸಾವಿರ ಡಾಲರಿಗಿಂತ ಕೆಳಗಿಳಿದಿತ್ತು. ಈ ಲೋಹದ ಐದರಲ್ಲಿ ನಾಲ್ಕು ಪಾಲು ಹೋಗುವುದು ಪೆಟ್ರೋಲ್ ಕಾರುಗಳ ಹೊಗೆ ಶುದ್ಧಿ ಮಾಡುವ ಪೆಟ್ಟಿಗೆಗಳಿಗೆ. ಔಷಧ ತಯಾರಕರು ಕೊಳ್ಳುವುದು ಅತ್ಯಲ್ಪ. ಹಾಗಾಗಿ ಬೆಲೆ ನಿಗದಿಯಲ್ಲಿ ಅವರ ಮಾತು ನಡೆಯುವುದಿಲ್ಲ, ಕೊಳ್ಳದೆ ಅವರಿಗೆ ವಿಧಿಯೂ ಇಲ್ಲ.

ಈ ಅವಲಂಬನೆಯ ದೊಡ್ಡ ಪಾಲು ಒಂದೇ ಕ್ರಿಯೆಯದು. ಜಪಾನಿನ ಅಕಿರಾ ಸುಜುಕಿ ಮತ್ತು ನೊರಿಯೊ ಮಿಯೌರಾ 1979ರಲ್ಲಿ ಪ್ರಕಟಿಸಿದ ಕಪ್ಲಿಂಗ್ ಅದು: ಬೋರಾನ್ ಹೊತ್ತ ಒಂದು ಅಣುವನ್ನೂ ಬ್ರೋಮಿನ್‌ನಂಥ ಹ್ಯಾಲೋಜನ್ ಹೊತ್ತ ಇನ್ನೊಂದನ್ನೂ ಪಲ್ಲಾಡಿಯಂ ವೇಗವರ್ಧಕದ ನೆರವಿನಿಂದ ಇಂಗಾಲಕ್ಕೆ ಇಂಗಾಲ ಬೆಸೆಯುವ ಕ್ರಿಯೆ. ಔಷಧ ರಸಾಯನಶಾಸ್ತ್ರದ ಪ್ರಬಂಧಗಳಲ್ಲಿ ಯಾವ ಕ್ರಿಯೆ ಎಷ್ಟು ಬಳಕೆಯಾಗಿದೆ ಎಂದು 1984 ಮತ್ತು 2014ನ್ನು ಹೋಲಿಸಿ ನೋಡಿದ ಒಂದು ವಿಶ್ಲೇಷಣೆ 2016ರಲ್ಲಿ ಬಂತು. 1984ರ ಪಟ್ಟಿಯಲ್ಲಿ ಎಲ್ಲೂ ಕಾಣದ ಸುಜುಕಿ ಕ್ರಿಯೆ 2014ರಲ್ಲಿ ಅಮೈಡ್ ತಯಾರಿಕೆಯಂಥ ಹಳೆಯ ಕ್ರಿಯೆಗಳ ಜೊತೆ ಮೊದಲ ಸಾಲಿಗೇ ಬಂದು ಕೂತಿತ್ತು. ಬೊಮ್ಮಸಂದ್ರ, ಜಿಗಣಿಯ ಸಂಶೋಧನಾ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿಗೆ ಈ ಅಂಕಿಅಂಶ ಬೇಕಿಲ್ಲ. ಅವರ ಫ್ಯೂಮ್ ಹುಡ್‌ಗಳಲ್ಲಿ ಯಾವುದಾದರೂ ಒಂದರಲ್ಲಿ ಸುಜುಕಿ ಕುದಿಯುತ್ತಲೇ ಇರುತ್ತದೆ. ಆದ್ದರಿಂದ ಪಲ್ಲಾಡಿಯಂ ಬಿಟ್ಟು ಇದನ್ನು ನಡೆಸಬಹುದೇ ಎಂಬ ಪ್ರಶ್ನೆಯಲ್ಲಿ ಕುತೂಹಲದ ಜೊತೆ ಹಣದ ಲೆಕ್ಕವೂ ಸೇರಿದೆ. ಉತ್ತರ ಹುಡುಕುವ ಮೊದಲು ಸುಜುಕಿ ನಿಜವಾಗಿ ಬಿಡಿಸಿದ ಗಂಟು ಯಾವುದು ಎಂದು ನೋಡಬೇಕು.

ಅವರು ಹುಟ್ಟಿದ್ದು 1930ರ ಸೆಪ್ಟೆಂಬರ್ 12ರಂದು, ಹೊಕ್ಕೈಡೊ ದ್ವೀಪದ ಮುಕಾವಾದಲ್ಲಿ. ಪ್ರೌಢಶಾಲೆಯಲ್ಲಿದ್ದಾಗ ತಂದೆ ತೀರಿಕೊಂಡರು. ಹೊಕ್ಕೈಡೊ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಗಣಿತ ಓದುವ ಆಸೆಯಿಂದ. ಫೀಸರ್ ದಂಪತಿಯ ಸಾವಯವ ರಸಾಯನಶಾಸ್ತ್ರದ ಪಠ್ಯ ಓದಿ ದಾರಿ ಬದಲಿಸಿದರು. ಹರುಸಾದಾ ಸುಗಿನೊಮೆ ಅವರ ಮಾರ್ಗದರ್ಶನದಲ್ಲಿ 1959ರಲ್ಲಿ ಡಾಕ್ಟರೇಟ್ ಮುಗಿಸಿ, 1961ರಲ್ಲಿ ಅದೇ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ನಿಕಾಯಕ್ಕೆ ಅಧ್ಯಾಪಕರಾಗಿ ಹೋದರು. 1962ರಲ್ಲಿ ಸಪ್ಪೊರೊದ ಪುಸ್ತಕದಂಗಡಿಯಲ್ಲಿ ಹರ್ಬರ್ಟ್ ಬ್ರೌನ್ ಬರೆದ 'ಹೈಡ್ರೋಬೋರೇಷನ್' ಎಂಬ ಪುಸ್ತಕ ಸಿಕ್ಕಿತು, ಇಂಗಾಲದ ಅಣುಗಳಿಗೆ ಬೋರಾನ್ ಸೇರಿಸುವ ವಿಧಾನದ ಬಗ್ಗೆ. ಅದರ ಬೆನ್ನು ಹತ್ತಿ 1963ರಿಂದ 1965ರವರೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬ್ರೌನ್ ಅವರ ಬಳಿಯೇ ಕೆಲಸ ಮಾಡಿದರು. ಮುಂದೆ ನೊಬೆಲ್ ಹಂಚಿಕೊಂಡ ಎಯ್-ಇಚಿ ನೆಗಿಶಿ ಕೂಡ 1966ರಲ್ಲಿ ಅದೇ ಪ್ರಯೋಗಾಲಯಕ್ಕೆ ಬಂದವರು. ಇಬ್ಬರಿಗೂ ಬೋರಾನಿನ ದೀಕ್ಷೆ ಸಿಕ್ಕಿದ್ದು ಒಬ್ಬನೇ ಗುರುವಿನಿಂದ.

ಬೋರಾನ್ ಏಕೆ ಕಷ್ಟ ಎನಿಸಿತ್ತು ಎಂಬುದೇ ಇಲ್ಲಿ ಮುಖ್ಯ. 1970ರ ದಶಕದಲ್ಲಿ ಎರಡು ಇಂಗಾಲಗಳನ್ನು ಲೋಹದ ಮೂಲಕ ಬೆಸೆಯುವ ಪೈಪೋಟಿ ಜೋರಾಗಿತ್ತು. ಕುಮಾಡ ಮೆಗ್ನೀಸಿಯಂ ಹಿಡಿದರು, ನೆಗಿಶಿ ಸತು ಹಿಡಿದರು, ಸ್ಟಿಲ್ ತವರ ಹಿಡಿದರು. ಮೆಗ್ನೀಸಿಯಂ ಮತ್ತು ಸತುವಿನ ಸಂಯುಕ್ತಗಳು ನೀರು ತಾಗಿದರೆ ಸತ್ತಂತೆ. ತವರದ ಸಂಯುಕ್ತಗಳು ನೀರಿಗೆ ಜಗ್ಗುವುದಿಲ್ಲ, ಆದರೆ ವಿಷ. ಇಂಗಾಲಕ್ಕೆ ಬೋರಾನ್ ಅಂಟಿದ ಬೋರಾನಿಕ್ ಆಮ್ಲಗಳೋ ಬಾಟಲಿಯಲ್ಲಿ ತಿಂಗಳುಗಟ್ಟಲೆ ಕೂರುವ ಪುಡಿ, ಉಪಉತ್ಪನ್ನ ಬೋರಿಕ್ ಆಮ್ಲ ನೀರಿನಲ್ಲಿ ತೊಳೆದು ಹೋಗುತ್ತದೆ. ಇಷ್ಟು ಸಾಧು ವಸ್ತು ಕೆಲಸಕ್ಕೆ ಬಾರದು ಎಂಬುದೇ ಅಂದಿನ ನಂಬಿಕೆ. ಇಂಗಾಲ-ಬೋರಾನ್ ಬಂಧದಲ್ಲಿ ಧ್ರುವೀಯತೆ ಕಡಿಮೆ. ಬೋರಾನ್ ತನ್ನ ಇಂಗಾಲವನ್ನು ಪಲ್ಲಾಡಿಯಂಗೆ ಬಿಟ್ಟುಕೊಡುವುದಿಲ್ಲ.

ಸುಜುಕಿ-ಮಿಯೌರಾ ಮಾಡಿದ್ದು ಪ್ರತ್ಯಾಮ್ಲ ಸೇರಿಸಿದ್ದು. ಕೇಳಿದರೆ ಇಷ್ಟೇನಾ ಎನಿಸುತ್ತದೆ. ಮೂರು ಕೈಯ ಬೋರಾನಿಗೆ ಆಲ್ಕಾಕ್ಸೈಡ್ ಅಥವಾ ಹೈಡ್ರಾಕ್ಸೈಡ್ ನಾಲ್ಕನೆಯದಾಗಿ ಸೇರಿದರೆ ಅದು ಋಣ ವಿದ್ಯುದಂಶದ ಬೊರೋನೇಟ್ ಆಗುತ್ತದೆ, ಇಂಗಾಲ ಸಡಿಲವಾಗುತ್ತದೆ. ಅದೇ ಪ್ರತ್ಯಾಮ್ಲ, ಇನ್ನೊಂದು ಅಣುವಿನಿಂದ ಬಂದು ಪಲ್ಲಾಡಿಯಂ ಮೇಲೆ ಕೂತ ಬ್ರೋಮೈಡನ್ನು ಕಿತ್ತು ಅಲ್ಲಿ ತಾನು ಕೂರಬಲ್ಲದು. ಆಗ ಸಾಧಾರಣ ಬೋರಾನಿಕ್ ಆಮ್ಲವೂ ಆಮ್ಲಜನಕದ ಸೇತುವೆಯಿಂದ ಪಲ್ಲಾಡಿಯಂಗೆ ಅಂಟಿಕೊಳ್ಳುತ್ತದೆ. ಎರಡರಲ್ಲಿ ಯಾವುದು ನಿಜವಾದ ದಾರಿ ಎಂಬ ವಾಗ್ವಾದ ದಶಕಗಳ ಕಾಲ ನಡೆಯಿತು. ಪಲ್ಲಾಡಿಯಂ-ಆಮ್ಲಜನಕ-ಬೋರಾನ್ ಕೊಂಡಿಯನ್ನು, ಅಣುವಿನ ರಚನೆ ಓದುವ ತಣ್ಣಗಿನ ಎನ್‌ಎಂಆರ್ ನಳಿಕೆಯಲ್ಲಿ ಸ್ಕಾಟ್ ಡೆನ್ಮಾರ್ಕ್ ತಂಡ ನೇರವಾಗಿ ಕಂಡು ಪ್ರಕಟಿಸಿದ್ದು 2016ರಲ್ಲಿ, ಅಂದರೆ ಕ್ರಿಯೆ ಕಂಡುಹಿಡಿದು 37 ವರ್ಷದ ಮೇಲೆ.

1979ರ ಮೊದಲ ಪ್ರಬಂಧಗಳಲ್ಲಿ ಇದ್ದದ್ದು ದ್ವಿಬಂಧವಿರುವ ಆಲ್ಕೀನೈಲ್ ಬೋರಾನುಗಳು. ಡೈಯೀನ್ ಎಂಬ ಜೋಡಿ ದ್ವಿಬಂಧದ ಅಣುಗಳನ್ನು ಬೇಕಾದ ಜ್ಯಾಮಿತಿಯಲ್ಲೇ ಕಟ್ಟಲು ಅವು ಒಗ್ಗಿದವು. ರೇಷ್ಮೆಯ ಹೆಣ್ಣು ಪತಂಗ ಗಂಡನ್ನು ಕರೆಯಲು ಹೊಮ್ಮಿಸುವ ಬಾಂಬಿಕಾಲನ್ನೂ ಅವರ ಗುಂಪು ಹೀಗೆ ತಯಾರಿಸಿತು. ಔಷಧ ಉದ್ಯಮವನ್ನು ಹಿಡಿದದ್ದು ಮಾತ್ರ 1981ರ ಪುಟ್ಟ ಪ್ರಬಂಧ: ಫೀನೈಲ್‌ಬೋರಾನಿಕ್ ಆಮ್ಲ, ಆರೈಲ್ ಹ್ಯಾಲೈಡ್ (ಬೆಂಜೀನ್ ಉಂಗುರಕ್ಕೆ ಹ್ಯಾಲೋಜನ್ ಅಂಟಿದ ಅಣು), ಶೇ 3 ಮೋಲ್ ಪಲ್ಲಾಡಿಯಂ (ನೂರು ಅಣುವಿಗೆ ಮೂರು), ಸೋಡಿಯಂ ಕಾರ್ಬೊನೇಟಿನ ನೀರಿನ ದ್ರಾವಣ, ಕುದಿಯುವ ಬೆಂಜೀನ್. ಎರಡು ಬೆಂಜೀನ್ ಉಂಗುರಗಳು ಕೈಕೈ ಹಿಡಿದವು. ರಕ್ತದೊತ್ತಡದ ಲೊಸಾರ್ಟನ್‌ಗೆ ಮರ್ಕ್ ಪ್ರಕಟಿಸಿದ ತಯಾರಿ ಮಾರ್ಗದಲ್ಲಿ ಬೈಫಿನೈಲ್ ಎಂಬ ಜೋಡಿ ಉಂಗುರದ ಬೆನ್ನೆಲುಬು ಬರುವುದು ಹೀಗೆಯೇ. ಬಿಎಎಸ್‌ಎಫ್‌ನ ಶಿಲೀಂಧ್ರನಾಶಕ ಬೊಸ್ಕಾಲಿಡ್ ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ತಯಾರಾಗುವುದೂ ಇದರಿಂದಲೇ.

ಸುಜುಕಿ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಬೋರಾನಿಕ್ ಆಮ್ಲಗಳನ್ನು ಮಾರುವ ಕಂಪನಿಗಳು ಸಾವಿರಾರು ಬಗೆಯ ಬಾಟಲಿಗಳನ್ನು ಪಟ್ಟಿಗೆ ಹಾಕಲು ಇದೂ ಒಂದು ಕಾರಣ ಎಂದು ವಾದಿಸಬಹುದು. ಯಾರಿಗೂ ರಾಯಧನ ಕೊಡಬೇಕಿರಲಿಲ್ಲ. 1994ರಲ್ಲಿ ಅವರು ಹೊಕ್ಕೈಡೊದಿಂದ ನಿವೃತ್ತರಾಗಿ ಒಕಯಾಮಾ, ಕುರಶಿಕಿಗಳಲ್ಲಿ 2002ರವರೆಗೆ ಪಾಠ ಮಾಡಿದರು. 2010ರಲ್ಲಿ, 80ರ ವಯಸ್ಸಿನಲ್ಲಿ, ರಿಚರ್ಡ್ ಹೆಕ್ ಮತ್ತು ನೆಗಿಶಿ ಜೊತೆ ನೊಬೆಲ್ ಬಂತು. ಮೂವರಿಗಿಂತ ಹೆಚ್ಚು ಜನಕ್ಕೆ ಕೊಡುವಂತಿಲ್ಲ ಎಂಬ ನಿಯಮದಲ್ಲಿ ಮಿಯೌರಾ ಹೊರಗುಳಿದರು. ಇದು ಸರಿಯಾಗಲಿಲ್ಲ. ಇಂದು ಪ್ರಯೋಗಾಲಯದಲ್ಲಿ ಬೋರಾನಿಕ್ ಆಮ್ಲದ ಇನ್ನೊಂದು ರೂಪವಾದ ಬೋರಾನಿಕ್ ಎಸ್ಟರ್ ಬೇಕೆಂದರೆ ಮೊದಲು ಕೈಹಾಕುವುದು 1995ರಲ್ಲಿ ಮಿಯೌರಾ ಗುಂಪು ಕೊಟ್ಟ ಡೈಬೋರಾನ್ ವಿಧಾನಕ್ಕೆ.

ಬೆಂಚಿನ ಮೇಲೆ

ಪಲ್ಲಾಡಿಯಂ ಎಷ್ಟು ಬೇಕು, ಎಲ್ಲಿ ಪೋಲಾಗುತ್ತದೆ ಎಂಬುದು ಅರ್ಥವಾಗಲು ಒಂದು ಮಾದರಿ ಪ್ರಯೋಗ ಸಾಕು. 4-ಬ್ರೋಮೋಅನಿಸೋಲ್ 187 ಮಿ.ಗ್ರಾಂ (1 ಮಿಲಿಮೋಲ್), ಫೀನೈಲ್‌ಬೋರಾನಿಕ್ ಆಮ್ಲ 146 ಮಿ.ಗ್ರಾಂ (1.2 ಮಿಲಿಮೋಲ್), ಪೊಟ್ಯಾಸಿಯಂ ಕಾರ್ಬೊನೇಟ್ 276 ಮಿ.ಗ್ರಾಂ (2 ಮಿಲಿಮೋಲ್). ಡಯಾಕ್ಸೇನ್ 4 ಮಿ.ಲೀ., ನೀರು 1 ಮಿ.ಲೀ. ದ್ರಾವಣದೊಳಗೆ ಸೂಜಿಯಿಂದ ಸಾರಜನಕವನ್ನು 15ರಿಂದ 20 ನಿಮಿಷ ಗುಳುಗುಳು ಹಾಯಿಸಬೇಕು. ಮೇಲೆ ಬಲೂನು ಕಟ್ಟಿ ಬಿಟ್ಟರೆ ಸಾಲದು, ಕರಗಿದ ಆಮ್ಲಜನಕ ಅದರಿಂದ ಹೊರಬರುವುದಿಲ್ಲ. ಕೊನೆಯಲ್ಲಿ ಟೆಟ್ರಾಕಿಸ್(ಟ್ರೈಫೀನೈಲ್‌ಫಾಸ್ಫೀನ್)ಪಲ್ಲಾಡಿಯಂ 35 ಮಿ.ಗ್ರಾಂ, ಅಂದರೆ ಶೇ 3 ಮೋಲ್. ಇದು ಹಳದಿ ಹರಳಾಗಿರಬೇಕು. ಕಂದು ಅಥವಾ ಹಸಿರಿಗೆ ತಿರುಗಿದ್ದರೆ ಗಾಳಿ ತಿಂದಿದೆ, ಬಳಸಬೇಡಿ. 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಕಲಕುತ್ತಾ ನಾಲ್ಕು ಗಂಟೆಯಿಂದ ರಾತ್ರಿಯಿಡೀ. ಟಿಎಲ್‌ಸಿಯಲ್ಲಿ (ತೆಳು ಪದರದ ಮೇಲೆ ಅಣುಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಬ್ರೋಮೈಡ್ ಮಾಯವಾದ ಮೇಲೆ ತಣಿಸಿ, ಈಥೈಲ್ ಅಸಿಟೇಟಿನಿಂದ ಎಳೆದು, ನೀರು, ಉಪ್ಪುನೀರಿನಲ್ಲಿ ತೊಳೆದು, ಸಿಲಿಕಾ ತುಂಬಿದ ಕಾಲಂನಲ್ಲಿ ಬೇರ್ಪಡಿಸಬೇಕು. ಸಿಗಬೇಕಾದ್ದು 4-ಮೆಥಾಕ್ಸಿಬೈಫಿನೈಲ್, ಗರಿಷ್ಠ 184 ಮಿ.ಗ್ರಾಂ.

ಕೈಕೊಟ್ಟಾಗ ಯಾವುದು ಉಳಿದಿದೆ, ಯಾವುದು ಹುಟ್ಟಿದೆ ಎಂದು ನೋಡಿದರೆ ಕಾರಣ ಸಿಗುತ್ತದೆ. ಮೊದಲನೆಯ ತಂಟೆ ತೂಕದಲ್ಲೇ ಇದೆ. ಬೋರಾನಿಕ್ ಆಮ್ಲವನ್ನು ಒಣಗಿಸಿದರೆ ಮೂರು ಅಣುಗಳು ನೀರು ಕಳೆದುಕೊಂಡು ಬೊರಾಕ್ಸಿನ್ ಎಂಬ ಉಂಗುರವಾಗುತ್ತವೆ. ಫೀನೈಲ್‌ಬೋರಾನಿಕ್ ಆಮ್ಲದ ಅಣುತೂಕ 121.9. ಬೊರಾಕ್ಸಿನ್‌ನಲ್ಲಿ ಒಂದು ಬೋರಾನಿಗೆ 103.9 ಮಾತ್ರ. ಬಾಟಲಿಯಲ್ಲಿ ಎರಡೂ ಎಷ್ಟೆಷ್ಟು ಬೆರೆತಿವೆ ಎಂದು ಲೇಬಲ್ ಹೇಳುವುದಿಲ್ಲ, ಲೆಕ್ಕ ಶೇ 17ರವರೆಗೂ ತಪ್ಪಬಹುದು. ಈ ಪ್ರಯೋಗದಲ್ಲಿ ತಪ್ಪು ಹೆಚ್ಚಿನ ಕಡೆಗೇ ಆಗುವುದರಿಂದ ತೊಂದರೆಯಿಲ್ಲ. ಎರಡು ಬ್ರೋಮಿನ್ ಇರುವ ಅಣುವಿನ ಒಂದೇ ತುದಿಗೆ ಜೋಡಿಸಬೇಕಿದ್ದಾಗ ಇದೇ ಶೇ 17 ಇಡೀ ಬ್ಯಾಚನ್ನು ಕೆಡಿಸುತ್ತದೆ.

ಬ್ರೋಮೈಡ್ ಅರ್ಧ ಉಳಿದು ಬೋರಾನಿಕ್ ಆಮ್ಲ ಪೂರ್ತಿ ಮುಗಿದಿದ್ದರೆ ಅದು ಪ್ರೋಟೋಡಿಬೊರೋನೇಷನ್: ಬೋರಾನ್ ಜಾಗಕ್ಕೆ ಹೈಡ್ರೋಜನ್ ಬಂದು ಕೂತಿದೆ. ಇಲ್ಲಿ ಹುಟ್ಟುವುದು ಬೆಂಜೀನ್, ಅದು ಆವಿಯಾಗಿ ಹೋಗುವುದರಿಂದ ಕಣ್ಣಿಗೇ ಬೀಳುವುದಿಲ್ಲ. ಫೀನೈಲ್ ಗಟ್ಟಿ. 2-ಪಿರಿಡೈಲ್, ಫ್ಲೋರಿನ್ ಹೆಚ್ಚಿರುವ ಆರೈಲ್‌ಗಳು, ಐದು ಸದಸ್ಯರ ಕೆಲವು ಹೆಟಿರೋ ಉಂಗುರಗಳು ಬಹಳ ಮೆತ್ತಗೆ. 2-ಪಿರಿಡೈಲ್‌ಬೋರಾನಿಕ್ ಆಮ್ಲ 70 ಡಿಗ್ರಿಯಲ್ಲಿ, ತಟಸ್ಥ ನೀರಿನಲ್ಲಿ ಒಂದು ನಿಮಿಷದೊಳಗೆ ಅರ್ಧಕ್ಕಿಳಿಯುತ್ತದೆ ಎಂದು ಗೈ ಲಾಯ್ಡ್-ಜೋನ್ಸ್ ತಂಡ ಅಳೆದು ತೋರಿಸಿದೆ. ಅಂಥಲ್ಲಿ ಪಲ್ಲಾಡಿಯಂ ಇನ್ನಷ್ಟು ಸುರಿಯುವುದು ವ್ಯರ್ಥ. ಬೋರಾನನ್ನೂ ಹ್ಯಾಲೋಜನ್ನನ್ನೂ ಅದಲುಬದಲು ಮಾಡಿ, ಪಿರಿಡೀನ್ ಕಡೆ ಬ್ರೋಮೈಡ್ ಇಡುವುದೇ ಮೊದಲ ಉಪಾಯ. ಅದಾಗದಿದ್ದರೆ ಮಾರ್ಟಿನ್ ಬರ್ಕ್ ರೂಪಿಸಿದ ಮಿಡಾ ಬೊರೋನೇಟಿನಂಥದ್ದು, ಆಮ್ಲವನ್ನು ನಿಧಾನವಾಗಿ ಬಿಡುಗಡೆ ಮಾಡುವ ರೂಪ.

ಈ ಪ್ರಯೋಗದಲ್ಲಿ ಮೆಥಾಕ್ಸಿ ಇಲ್ಲದ ಬೈಫಿನೈಲ್ ಸಿಕ್ಕರೆ ಎರಡು ಕಾರಣಗಳಿರಬಹುದು, ಗುರುತಿಸುವುದು ಸುಲಭವಲ್ಲ. ಆಮ್ಲಜನಕ ಉಳಿದಿದ್ದರೆ ಬೋರಾನಿಕ್ ಆಮ್ಲದ ಎರಡು ಅಣು ತಮ್ಮತಮ್ಮಲ್ಲೇ ಸೇರಿಕೊಳ್ಳುತ್ತವೆ. ಆಮ್ಲಜನಕ ಇಲ್ಲದೆಯೂ ಮೆಥಾಕ್ಸಿಯಂಥ ಇಲೆಕ್ಟ್ರಾನ್ ದಾನಿ ಇರುವ ಆರೈಲ್ ಗುಂಪು ಟ್ರೈಫೀನೈಲ್‌ಫಾಸ್ಫೀನಿನ ಫೀನೈಲ್ ಜೊತೆ ಜಾಗ ಬದಲಾಯಿಸಿಕೊಳ್ಳುತ್ತದೆ. ಆಗಲೂ ಬೈಫಿನೈಲೇ. ಅನಿಲ ಹಾಯಿಸುವ ಅವಧಿ ಹೆಚ್ಚಿಸಿದರೂ ಬೈಫಿನೈಲ್ ಕಡಿಮೆಯಾಗದಿದ್ದರೆ ತಪ್ಪು ಫಾಸ್ಫೀನಿನದು, ಲಿಗಂಡ್ (ಲೋಹಕ್ಕೆ ಅಂಟಿಕೊಂಡಿರುವ ಅಣು, ಇಲ್ಲಿ ಫಾಸ್ಫೀನ್) ಬದಲಿಸಿ. 

ಫ್ಲಾಸ್ಕಿನ ಗೋಡೆಗೆ ಕಪ್ಪು ಮಸಿ ಹತ್ತಿ ಕ್ರಿಯೆ ನಿಂತಿದ್ದರೆ ಪಲ್ಲಾಡಿಯಂ ಪರಮಾಣುಗಳು ಗುಂಪುಗೂಡಿ ಕೆಳಗೆ ಕೂತಿವೆ. ಕ್ಲೋರೈಡ್‌ಗಳಲ್ಲಿ ಇದು ಹೆಚ್ಚು, ಏಕೆಂದರೆ ಅಯೋಡೈಡ್, ಬ್ರೋಮೈಡ್‌ಗಳಿಗೆ ಹೋಲಿಸಿದರೆ ಇಂಗಾಲ-ಕ್ಲೋರಿನ್ ಬಂಧ ಮುರಿಯುವುದು ತಡ. ಗ್ರೆಗರಿ ಫು, ಸ್ಟೀಫನ್ ಬುಕ್‌ವಾಲ್ಡ್ ತಂದ ದಪ್ಪ, ಇಲೆಕ್ಟ್ರಾನ್ ತುಂಬಿದ ಫಾಸ್ಫೀನುಗಳು ಈ ಗೋಡೆ ಒಡೆದವು. ಕೆಲವು ಸಂದರ್ಭಗಳಲ್ಲಿ ಆ ಲಿಗಂಡಿನ ಖರ್ಚು ಪಲ್ಲಾಡಿಯಂನದಕ್ಕಿಂತ ಹೆಚ್ಚು. ಬೆಲೆಯ ಚರ್ಚೆಯಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಮಾತ್ರೆಯೊಳಗಿನ ಲೋಹ

ಬೆಲೆಗಿಂತ ದೊಡ್ಡ ತಲೆನೋವು ಶೇಷ ಲೋಹ. ಮೇಲಿನ 35 ಮಿ.ಗ್ರಾಂ ವೇಗವರ್ಧಕದಲ್ಲಿ ಪಲ್ಲಾಡಿಯಂ ಶೇ 9.2, ಅಂದರೆ 3.2 ಮಿ.ಗ್ರಾಂ. ಅಷ್ಟೂ 184 ಮಿ.ಗ್ರಾಂ ಉತ್ಪನ್ನದಲ್ಲಿ ಉಳಿದರೆ ಸುಮಾರು 17,500 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 17,500 ಪಾಲು. ಔಷಧಗಳಲ್ಲಿನ ಲೋಹಗಳ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ ಪಲ್ಲಾಡಿಯಂಗೆ ಇಟ್ಟಿರುವ ದಿನದ ಮಿತಿ ಬಾಯಿಯಿಂದಾದರೆ 100 ಮೈಕ್ರೋಗ್ರಾಂ, ಚುಚ್ಚುಮದ್ದಿಗೆ 10, ಉಸಿರಿನಿಂದ ಎಳೆಯುವ ಮದ್ದಿಗೆ 1. ದಿನಕ್ಕೆ ಒಂದು ಗ್ರಾಂ ನುಂಗುವ ಔಷಧದಲ್ಲಿ 100 ಪಿಪಿಎಂ ಮೀರುವಂತಿಲ್ಲ. ಇಳಿಸಬೇಕಾದ್ದು 175 ಪಟ್ಟು. ಅದೇ ಪ್ರಮಾಣ ಚುಚ್ಚುಮದ್ದಾದರೆ 1,750 ಪಟ್ಟು.

ಇಳಿಸುವ ದಾರಿಗಳು ಗೊತ್ತಿರುವವೇ. ಕಾರ್ಖಾನೆಯಲ್ಲಿ ಶೇ 3 ಯಾರೂ ಹಾಕುವುದಿಲ್ಲ. ಮತ್ತೆ ಮತ್ತೆ ಮಾಡಿ ನೋಡಿ ಶೇ 0.5 ಅಥವಾ 0.1ಕ್ಕೆ ತರುತ್ತಾರೆ. ಆಮೇಲೆ ಸಕ್ರಿಯ ಇಂಗಾಲ, ಥಯೋಲ್ ಅಂಟಿಸಿದ ಸಿಲಿಕಾ, ಟ್ರೈಮರ್ಕಾಪ್ಟೋಟ್ರಯಜೀನ್, ಸಿಸ್ಟೀನ್ ತೊಳೆತ. ಇವುಗಳಲ್ಲಿ ಯಾವುದು ಫಲಿಸುತ್ತದೆ ಎಂಬುದನ್ನು ಮೊದಲೇ ಹೇಳಲಾಗದು. ಸಾರಜನಕ, ಗಂಧಕ ತುಂಬಿದ ಔಷಧದ ಅಣು ತಾನೇ ಪಲ್ಲಾಡಿಯಂಗೆ ಲಿಗಂಡಾಗಿ ಜೋತುಬಿದ್ದಿದ್ದರೆ ಇಂಗಾಲದ ಪುಡಿ ಲೋಹವನ್ನು ಕಿತ್ತುಕೊಳ್ಳಲಾರದು. ಜೊತೆಗೆ ಔಷಧವನ್ನೂ ಹೀರಿ ಇಳುವರಿ ಕುಗ್ಗಿಸುತ್ತದೆ. ಹಾಗಾಗಿ ಬಹಳ ಕಡೆ ಕಪ್ಲಿಂಗನ್ನು ಮಾರ್ಗದ ಆರಂಭದಲ್ಲೇ ಇಟ್ಟು, ಮುಂದಿನ ಎರಡು-ಮೂರು ಸ್ಫಟಿಕೀಕರಣಗಳಲ್ಲಿ ಲೋಹ ತಾನಾಗಿ ತೊಳೆದುಹೋಗುವಂತೆ ಮಾಡುತ್ತಾರೆ. ಬೋರಾನಿಕ್ ಆಮ್ಲವನ್ನು ಕೊನೆಯ ಹಂತದಲ್ಲಿ ಬಳಸದಿರಲು ಇನ್ನೊಂದು ಕಾರಣವೂ ಇದೆ. ಕೆಲವು ಬೋರಾನಿಕ್ ಆಮ್ಲಗಳು ವಂಶವಾಹಿ ಹಾನಿ ಪತ್ತೆ ಮಾಡುವ ಏಮ್ಸ್ (Ames) ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾಗಳ ವಂಶವಾಹಿ ಬದಲಿಸುತ್ತವೆ. ಅಂಥ ಕಲ್ಮಶಕ್ಕೆ ಜೀವಮಾನದ ಬಳಕೆಯಲ್ಲಿ ದಿನಕ್ಕೆ 1.5 ಮೈಕ್ರೋಗ್ರಾಂ ಎಂಬ ಇನ್ನೂ ಬಿಗಿಯಾದ ಗೆರೆ.

ಲೊಸಾರ್ಟನ್ ಬಳಗದ ಸಾರ್ಟನ್ ಮಾತ್ರೆಗಳನ್ನು ಕಲ್ಮಶದ ಕಾರಣ ಹಿಂಪಡೆದ 2018ರ ಪ್ರಕರಣವನ್ನು ಇದರ ಜೊತೆ ಬೆರೆಸಬಾರದು. ವಾಲ್ಸಾರ್ಟನ್‌ನಲ್ಲಿ ಸಿಕ್ಕ ನೈಟ್ರೋಸಮೀನ್ ಬಂದದ್ದು ಟೆಟ್ರಜೋಲ್ ಉಂಗುರ ಕಟ್ಟಿದ ಮೇಲೆ ಉಳಿದ ಅಜೈಡನ್ನು ನೈಟ್ರೈಟಿನಿಂದ ನಾಶ ಮಾಡುವ ಹಂತದಲ್ಲಿ. ಕಪ್ಲಿಂಗಿನ ಪಾತ್ರ ಅದರಲ್ಲಿಲ್ಲ.

ಅಡಗಿ ಕೂತ ಪಲ್ಲಾಡಿಯಂ

ಹಾಗಾದರೆ ಪಲ್ಲಾಡಿಯಂ ಬಿಟ್ಟುಬಿಡಬಹುದಲ್ಲ? ಬಿಟ್ಟೆವು ಎಂದವರು ಇದ್ದಾರೆ. 2003ರಲ್ಲಿ ನಿಕೊಲಸ್ ಲೆಡ್‌ಬೀಟರ್ ಲಂಡನ್ನಿನಿಂದ ವರದಿ ಮಾಡಿದರು: ನೀರು, ಮೈಕ್ರೋವೇವ್, ಸೋಡಿಯಂ ಕಾರ್ಬೊನೇಟ್ ಇದ್ದರೆ ಲೋಹವೇ ಬೇಡ. ಎರಡು ವರ್ಷದ ಮೇಲೆ ಅವರೇ ಮರುಪರಿಶೀಲನೆ ಪ್ರಕಟಿಸಿದರು. ಅಂಗಡಿಯಿಂದ ತಂದ ಸೋಡಿಯಂ ಕಾರ್ಬೊನೇಟಿನಲ್ಲಿ 50 ಪಿಪಿಬಿ ಪಲ್ಲಾಡಿಯಂ ಇತ್ತು, ಅಂದರೆ ಒಂದು ಗ್ರಾಂ ಪುಡಿಯಲ್ಲಿ 50 ನ್ಯಾನೋಗ್ರಾಂ. ಕೆಲಸ ಮಾಡಿದ್ದು ಅದೇ. ತಮ್ಮ ಶೀರ್ಷಿಕೆಯನ್ನೇ ತಾವು ತಿದ್ದಿಕೊಂಡ ಆ ಎರಡನೆಯ ಪ್ರಬಂಧ ಮೊದಲನೆಯದಕ್ಕಿಂತ ಉಪಯುಕ್ತ.

ಪಾಠ ಎಲ್ಲರಿಗೂ ತಲುಪಿರಲಿಲ್ಲ. 2021ರ ಆರಂಭದಲ್ಲಿ ಚೀನಾದ ಒಂದು ತಂಡ ಬರೀ ಅಮೀನ್ ವೇಗವರ್ಧಕದಿಂದ ಸುಜುಕಿ ಕ್ರಿಯೆ ನಡೆಯುತ್ತದೆ ಎಂದು 'ನೇಚರ್ ಕ್ಯಾಟಲಿಸಿಸ್'ನಲ್ಲಿ ಬರೆಯಿತು. ಬೂಡಾಪೆಸ್ಟಿನಿಂದ ಬ್ರಿಸ್ಟಲ್‌ವರೆಗೆ ಹಲವರು ಮಾಡಿ ನೋಡಿದರು. ಆ ಅಮೀನನ್ನು ತಯಾರಿಸಲು ಮೊದಲೇ ಒಂದು ಪಲ್ಲಾಡಿಯಂ ಕಪ್ಲಿಂಗ್ ಬಳಕೆಯಾಗಿತ್ತು. ಅಲ್ಲಿ ಉಳಿದ ಫಾಸ್ಫೀನ್-ಪಲ್ಲಾಡಿಯಂ ಸಂಕೀರ್ಣ ಶುದ್ಧೀಕರಣದಲ್ಲೂ ಜೊತೆಗೇ ಬಂದಿತ್ತು. ವರ್ಷ ತುಂಬುವಷ್ಟರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು.

ಇಂಥ ಹೇಳಿಕೆಯನ್ನು ಪರೀಕ್ಷಿಸುವ ಕ್ರಮ ಇಷ್ಟು. ವೇಗವರ್ಧಕವನ್ನು ಮಾತ್ರವಲ್ಲ, ಪ್ರತ್ಯಾಮ್ಲ, ಬೋರಾನಿಕ್ ಆಮ್ಲ, ದ್ರಾವಕ ಎಲ್ಲವನ್ನೂ, ಅತ್ಯಲ್ಪ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್‌ಗೆ ಕಳಿಸಬೇಕು. ಹೊಸ ಗಾಜು, ಹೊಸ ಕಲಕುಕಡ್ಡಿ ಬೇಕು. ಟೆಫ್ಲಾನ್ ಹೊದಿಕೆಯ ಗೀರುಗಳಲ್ಲಿ ಲೋಹ ಸಿಕ್ಕಿಕೊಂಡು ಮುಂದಿನ ಪ್ರಯೋಗಕ್ಕೆ ಜಾರುತ್ತದೆ ಎಂದು ಮಾಸ್ಕೋದ ಅನನಿಕೋವ್ ತಂಡ 2019ರಲ್ಲಿ ತೋರಿಸಿದೆ. ಬೇರೆ ಬೇರೆ ಮಾರಾಟಗಾರರ ಪುಡಿಗಳಲ್ಲಿ ಫಲಿತಾಂಶ ಒಂದೇ ಬರಬೇಕು. ಕೊನೆಗೆ, ಬೇಕೆಂದೇ ಕೆಲವು ಪಿಪಿಬಿ ಪಲ್ಲಾಡಿಯಂ ಹಾಕಿ ನೋಡಬೇಕು. ಹಾಕಿದೊಡನೆ ವೇಗ ಏರಿದರೆ ಮೊದಲಿನ ವೇಗದ ಮೂಲವೂ ಅದೇ ಎಂಬ ಅನುಮಾನ ಗಟ್ಟಿ.

ಬದಲಿಗೆ ಬೇರೆ ಲೋಹ? ನಿಕೆಲ್ ಎದುರು ಪಲ್ಲಾಡಿಯಂ ಕಿಲೋ ಲೆಕ್ಕದಲ್ಲಿ ಸಾವಿರ ಪಟ್ಟಿಗೂ ಹೆಚ್ಚು ದುಬಾರಿ. ಪಲ್ಲಾಡಿಯಂ ಜಗ್ಗದ ಫೀನಾಲ್ ಎಸ್ಟರು, ಕಾರ್ಬಮೇಟುಗಳನ್ನೂ ನಿಕೆಲ್ ಮುರಿಯುತ್ತದೆ. ಆದರೆ ಶೇ 5ರಿಂದ 10ರಷ್ಟು ಬೇಕಾಗುತ್ತದೆ, ಔಷಧಗಳಲ್ಲಿ ಸಾಮಾನ್ಯವಾದ ಸಾರಜನಕ ಉಂಗುರಗಳು ಸಿಕ್ಕರೆ ಮುಗ್ಗರಿಸುತ್ತದೆ, ಗಾಳಿ-ನೀರು ಕಂಡರಾಗದು. ನಿಕೆಲಿನ ಶೇಷ ಮಿತಿ ಬಾಯಿಯಿಂದಾದರೆ ದಿನಕ್ಕೆ ಸುಮಾರು 200 ಮೈಕ್ರೋಗ್ರಾಂ, ಪಲ್ಲಾಡಿಯಂಗಿಂತ ಎರಡು ಪಟ್ಟು ಮಾತ್ರ ಸಡಿಲ. ಹತ್ತು ಪಟ್ಟು ಹೆಚ್ಚು ಲೋಹ ಹಾಕಿ ಎರಡು ಪಟ್ಟು ರಿಯಾಯಿತಿ ಪಡೆದರೆ ಶುದ್ಧೀಕರಣದ ಖರ್ಚು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕಬ್ಬಿಣದ ದಾರಿಯನ್ನು ರಾಬಿನ್ ಬೆಡ್‌ಫರ್ಡ್ ತಂಡ 2018ರಲ್ಲಿ ತೋರಿಸಿತು. ಆದರೆ ಬೋರಾನಿಕ್ ಎಸ್ಟರನ್ನು ಮೊದಲು ಆರ್ಗನೋಲಿಥಿಯಂನಿಂದ ಕೆರಳಿಸಬೇಕು, ಅಣುವಿನಲ್ಲಿ ದಾರಿ ತೋರಿಸುವ ಗುಂಪೊಂದು ಇರಬೇಕು. ನೀರಿನಲ್ಲಿ, ಕಾರ್ಬೊನೇಟಿನಲ್ಲಿ ನಡೆಯುವುದೇ ಸುಜುಕಿಯ ಬಲವಾಗಿದ್ದಾಗ ಲಿಥಿಯಂ ಬೇಡುವ ಕ್ರಿಯೆ 1979ಕ್ಕಿಂತ ಹಿಂದಕ್ಕೆ ಹೋದಂತೆ.

ನಮ್ಮ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ, ಪಲ್ಲಾಡಿಯಂ ಖನಿಜಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಅದು ಇನ್ನೂ ಗಣಿಯ ಮಾತಲ್ಲ, ಹಾಗಾಗಿ ಸದ್ಯದ ಲೆಕ್ಕಕ್ಕೆ ಬಾರದು. ಲೆಕ್ಕಕ್ಕೆ ಬರುವುದು ಕಡಿಮೆ ಬಳಸುವುದು, ಬಳಸಿದ್ದನ್ನು ವಾಪಸ್ ಪಡೆಯುವುದು. ಬ್ರೂಸ್ ಲಿಪ್‌ಶುಟ್ಜ್ ತಂಡ 2015ರಲ್ಲಿ ಸಾಬೂನಿನಂಥ ಸರ್ಫಕ್ಟಂಟ್ ಬೆರೆಸಿದ ನೀರಿನಲ್ಲಿ, ಕಬ್ಬಿಣದ ನ್ಯಾನೋಕಣಗಳ ಮೇಲೆ 320 ಪಿಪಿಎಂ ಪಲ್ಲಾಡಿಯಂನಿಂದ ಕ್ರಿಯೆ ನಡೆಸಿತು. ಅದು ಶೇ 0.03 ಮೋಲ್, ಮೇಲಿನ ಪ್ರಯೋಗದ ನೂರರಲ್ಲೊಂದು ಭಾಗ. ಇವರ ಕಥೆಯಲ್ಲೂ ಅಂಗಡಿಯ ಫೆರಿಕ್ ಕ್ಲೋರೈಡಿನಲ್ಲಿ ಪಲ್ಲಾಡಿಯಂ ಕಲ್ಮಶ ಇತ್ತು. ಅದನ್ನು ಅಳೆದು, ಒಪ್ಪಿಕೊಂಡು, ಅದನ್ನೇ ವಿಧಾನವಾಗಿಸಿದರು. ಕಾರ್ಖಾನೆಗಳಲ್ಲಿ ಪಲ್ಲಾಡಿಯಂ ಹೀರಿದ ಇಂಗಾಲ, ಸಿಲಿಕಾ, ಸೋಸಿದ ಬಟ್ಟೆಗಳನ್ನು ಬೇರೆಯಾಗಿ ಕೂಡಿಟ್ಟು ಲೋಹ ಶುದ್ಧೀಕರಿಸುವವರಿಗೆ ಕಳಿಸುತ್ತಾರೆ. ಅಲ್ಲಿ ಸುಟ್ಟು, ಬೂದಿಯಿಂದ ಲೋಹ ಕರಗಿಸಿ ಮರಳಿ ಖಾತೆಗೆ ಜಮೆ ಮಾಡುತ್ತಾರೆ. ಈ ಜಮೆಯ ಲೆಕ್ಕ ಸೇರಿಸಿ ನೋಡಿದರೆ, ಪಲ್ಲಾಡಿಯಂ ಬೆಲೆ ಔನ್ಸಿಗೆ ಸಾವಿರ ಡಾಲರಿನ ಆಸುಪಾಸಿನಲ್ಲಿದ್ದರೆ ನಿಕೆಲಿಗೆ ಬದಲಾಗಬೇಕೆಂಬ ಪ್ರಸ್ತಾಪ ಹೆಚ್ಚಿನ ಔಷಧಗಳಲ್ಲಿ ನಿಲ್ಲುವುದಿಲ್ಲ. ಶೇ 0.1ಕ್ಕಿಂತ ಕೆಳಗಿಳಿಯದ, ಲೋಹವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಅಣುಗಳಲ್ಲಿ ಮಾತ್ರ ಆ ಪ್ರಸ್ತಾಪವನ್ನು ಕೂತು ಲೆಕ್ಕ ಹಾಕಬೇಕು.